ಶಾಸಕರ ಕೈಯಲ್ಲಿರುವ ನಮ್ಮ ಎರಡನೇ ಮತ

ವಿಧಾನಸಭೆ ಚುನಾವಣೆಯ ದಿನ ಯಲಿಯೂರಿನ ಮತದಾರ ಒತ್ತುವುದು ಒಂದೇ ಗುಂಡಿ, ಹಾಕಿ ಬರುವುದು ಎರಡು ಮತ. ಮೊದಲನೆಯದು ಶಾಸಕರನ್ನು ಆರಿಸುವ ಮತ. ಅದರ ಲೆಕ್ಕ ಊರಿಗೆಲ್ಲ ಗೊತ್ತು. ಯಾವ ಬೀದಿ ಯಾರ ಕಡೆ ವಾಲಿತು, ಯಾವ ಬೂತಿನಲ್ಲಿ ಎಷ್ಟು ಲೀಡ್ ಬಂತು ಎಂಬುದನ್ನು ವರ್ಷಗಟ್ಟಲೆ ಅರಳಿಕಟ್ಟೆಯಲ್ಲಿ ಚರ್ಚಿಸುತ್ತಾರೆ. ಎರಡನೆಯದು ಆ ಶಾಸಕರು ಮುಂದೆ ವಿಧಾನಸೌಧದಲ್ಲಿ ಕುಳಿತು ರಾಜ್ಯಸಭೆಗೆ ಹಾಕುವ ಮತ. ಅದರ ಬಗ್ಗೆ ಊರಿನಲ್ಲಿ ಯಾರೂ ಕೇಳುವುದಿಲ್ಲ, ಶಾಸಕರೂ ಹೇಳುವುದಿಲ್ಲ. ಮಂಡ್ಯ ದಾಟಿ ಮೈಸೂರಿನ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಒಂದು ಗಳಿಗೆ ನಿಂತು ಹೋಗುವ ಈ ಊರಿಗೂ ದೆಹಲಿಯ ಮೇಲ್ಮನೆಗೂ ಇರುವ ಕೊಂಡಿ ಆ ಒಂದು ಮತ ಮಾತ್ರ. ರಾಜ್ಯಸಭೆಯ ಪರೋಕ್ಷ ಚುನಾವಣೆಯೇ ತಪ್ಪು, ಅದನ್ನು ಕಿತ್ತುಹಾಕಿ ಜನರಿಂದಲೇ ನೇರವಾಗಿ ಆರಿಸಬೇಕು ಎಂದು ಪ್ರತಿ ಸಲ ಹಗರಣವಾದಾಗಲೂ ಕೂಗೇಳುತ್ತದೆ. ನನ್ನ ವಾದ ಬೇರೆ. ಪರೋಕ್ಷವಾಗಿರುವುದರಲ್ಲಿ ದೋಷವಿಲ್ಲ. ಶಾಸಕರು ಆ ಮತವನ್ನು ಪಕ್ಷಕ್ಕೆ ತೋರಿಸಬೇಕು, ಮತದಾರನಿಗೆ ತೋರಿಸಬೇಕಿಲ್ಲ ಎಂದು ಕಾನೂನು ಇರುವುದರಲ್ಲಿ ದೋಷವಿದೆ.

ಪರೋಕ್ಷ ಚುನಾವಣೆ ಮಂಡ್ಯ ಸೀಮೆಗೆ ಹೊಸದೇನೂ ಅಲ್ಲ. ಹಾಲಿನ ಡೇರಿಗೆ ದಿನಾ ಹಾಲು ಹಾಕುವ ರೈತ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ಗೆ ನಿರ್ದೇಶಕರನ್ನು ತಾನೇ ಆರಿಸುವುದಿಲ್ಲ. ಊರಿನ ಸಂಘದಿಂದ ಹೋದ ಡೆಲಿಗೇಟ್ ಅವನ ಪರವಾಗಿ ಮತ ಹಾಕುತ್ತಾನೆ. ಗ್ರಾಮ ಪಂಚಾಯಿತಿಗೆ ಗೆದ್ದವರು ವಿಧಾನ ಪರಿಷತ್ತಿನ ಮಂಡ್ಯ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಮತ ಹಾಕುತ್ತಾರೆ. 2021ರ ಡಿಸೆಂಬರ್‌ನಲ್ಲಿ ಹಾಗೆ ಗೆದ್ದವರು ದಿನೇಶ್ ಗೂಳಿಗೌಡ. ಇಂಥ ಚುನಾವಣೆ ಬಂತೆಂದರೆ ಡೆಲಿಗೇಟುಗಳನ್ನು ಟೂರಿಗೆ ಕರೆದೊಯ್ಯುವುದೂ ಹಳ್ಳಿಗಳಿಗೆ ಹೊಸದಲ್ಲ. ಆದರೆ ಡೇರಿಯ ಡೆಲಿಗೇಟ್ ಮಾರನೆಯ ಬೆಳಗ್ಗೆ ಅದೇ ಹಾಲಿನ ಸಾಲಿನಲ್ಲಿ ನಿಲ್ಲಬೇಕು, ಯಾರಿಗೆ ಹಾಕಿದೆಯಪ್ಪಾ ಎಂದು ಕೇಳುವವರು ಅಲ್ಲೇ ಇರುತ್ತಾರೆ. ಶಾಸಕರಿಗೆ ಆ ಬಾಧೆ ಇಲ್ಲ.

ಮೊದಲು ಲೆಕ್ಕ ನೋಡೋಣ, ಏಕೆಂದರೆ ಜನ ಈ ಚುನಾವಣೆಯಿಂದ ದೂರ ಉಳಿಯಲು ಅದರ ಲೆಕ್ಕವೇ ಅರ್ಧ ಕಾರಣ. ಸಂವಿಧಾನದ 80ನೇ ವಿಧಿಯ ಪ್ರಕಾರ ರಾಜ್ಯಸಭೆಗೆ ಹೆಚ್ಚೆಂದರೆ 250 ಸದಸ್ಯರು. ಈಗ ಇರುವ ಸ್ಥಾನಗಳು 245. ಅದರಲ್ಲಿ 12 ಮಂದಿಯನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ, ಉಳಿದವರನ್ನು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಮತವಿಲ್ಲ. ಕರ್ನಾಟಕದ ಪಾಲು 12 ಸ್ಥಾನ. ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹಾಗಾಗಿ ನಮ್ಮಲ್ಲಿ ಒಂದು ಸಲಕ್ಕೆ ನಾಲ್ಕು ಸ್ಥಾನಗಳಿಗೆ ಚುನಾವಣೆ. 224 ಶಾಸಕರಿರುವ ಸದನದಲ್ಲಿ ನಾಲ್ಕು ಸ್ಥಾನ ತುಂಬಬೇಕಾದರೆ ಗೆಲ್ಲಲು 45 ಮತ ಸಾಕು. ಕಾರಣ ಸರಳ: 45 ಮತ ಪಡೆದವರು ನಾಲ್ವರು ಇರಬಹುದು, ಐವರು ಇರಲು ಸಾಧ್ಯವಿಲ್ಲ, ಏಕೆಂದರೆ ಐದು ನಲವತ್ತೈದು 225 ಆಗುತ್ತದೆ. ಮಾಮೂಲಿ ಬಹುಮತದ ಪದ್ಧತಿ ಇದ್ದಿದ್ದರೆ ಆಳುವ ಪಕ್ಷ ನಾಲ್ಕಕ್ಕೆ ನಾಲ್ಕನ್ನೂ ಬಾಚಿಕೊಳ್ಳುತ್ತಿತ್ತು. ಈ ಪದ್ಧತಿಯಲ್ಲಿ 45 ಶಾಸಕರಿರುವ ವಿರೋಧ ಪಕ್ಷಕ್ಕೂ ಒಂದು ಸ್ಥಾನ ಖಾತ್ರಿ. ಶಾಸಕರು ಒಬ್ಬರ ಮುಂದೆ 1 ಎಂದು ಬರೆಯುತ್ತಾರೆ, ಬೇಕಿದ್ದರೆ ಇನ್ನೊಬ್ಬರ ಮುಂದೆ 2, ಮತ್ತೊಬ್ಬರ ಮುಂದೆ 3. ಗೆದ್ದವರಿಗೆ ಬಿದ್ದ ಹೆಚ್ಚುವರಿ ಮತವೂ ಕೊನೆಯಲ್ಲಿ ಉಳಿದು ಹೊರಬಿದ್ದವರ ಮತವೂ ಮುಂದಿನ ಪ್ರಾಶಸ್ತ್ಯಕ್ಕೆ ಹರಿಯುತ್ತವೆ. ಇದರ ಆಟ ಎಷ್ಟು ನಾಜೂಕು ಎಂಬುದಕ್ಕೆ 2022ರ ಜೂನ್ 10ರ ಚುನಾವಣೆ ಸಾಕ್ಷಿ. ಬಿಜೆಪಿಯ ನಿರ್ಮಲಾ ಸೀತಾರಾಮನ್‌ಗೆ 46, ಜಗ್ಗೇಶ್‌ಗೆ 44, ಕಾಂಗ್ರೆಸ್ಸಿನ ಜೈರಾಮ್ ರಮೇಶ್‌ಗೆ 46 ಮೊದಲ ಪ್ರಾಶಸ್ತ್ಯದ ಮತ ಬಿದ್ದವು. ನಾಲ್ಕನೇ ಸ್ಥಾನಕ್ಕೆ ಹೊಡೆದಾಡಿದ ಮೂವರಲ್ಲಿ ಬಿಜೆಪಿಯ ಲಹರ್ ಸಿಂಗ್‌ಗೆ 33, ಜೆಡಿಎಸ್‌ನ ಕುಪೇಂದ್ರ ರೆಡ್ಡಿಗೆ 30, ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್‌ಗೆ 25. ವಿರೋಧ ಪಕ್ಷಗಳ ಇಬ್ಬರ ಮತ ಕೂಡಿದರೆ 55, ಗೆಲುವಿಗೆ ಬೇಕಾದದ್ದಕ್ಕಿಂತ ಹತ್ತು ಹೆಚ್ಚು. ಇಬ್ಬರೂ ಹಿಂದೆ ಸರಿಯಲಿಲ್ಲ, 33 ಮತದವರು ದೆಹಲಿಗೆ ಹೋದರು. ಯಾರ ಹಟದಿಂದ ಹೀಗಾಯಿತು ಎಂದು ಎರಡು ಪಕ್ಷಗಳೂ ಪರಸ್ಪರ ಬೆರಳು ತೋರಿಸಿದವು. ಆ ಎರಡು ಪಕ್ಷಗಳಿಗೆ ಮತ ಹಾಕಿದ್ದ ಲಕ್ಷಾಂತರ ಜನರಿಗೆ ಉತ್ತರ ಕೊಡಬೇಕೆಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ.

ಶಾಸಕರೊಬ್ಬರ ಮತ ಎಷ್ಟು ತೂಕದ್ದು? 2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿದ್ದ ಮತದಾರರು ಸುಮಾರು 5.3 ಕೋಟಿ. 224ರಿಂದ ಭಾಗಿಸಿದರೆ ಒಬ್ಬೊಬ್ಬ ಶಾಸಕರ ಬೆನ್ನಿಗೆ ಎರಡೂಕಾಲು ಲಕ್ಷಕ್ಕೂ ಹೆಚ್ಚು ಮಂದಿ. 45 ಶಾಸಕರೆಂದರೆ ಒಂದು ಕೋಟಿಗೂ ಮೇಲೆ. ಇಷ್ಟು ತೂಕದ ಮತ ಚಲಾವಣೆಯಾಗುವ ಕ್ರಮ ನೋಡಿ. ವಿಧಾನಸೌಧದ ಒಂದು ಕೊಠಡಿಯೇ ಮತಗಟ್ಟೆ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮತದಾನ, ಐದಕ್ಕೆ ಎಣಿಕೆ. ಶಾಸಕರು ತಮ್ಮ ಪೆನ್ನು ಬಳಸುವಂತಿಲ್ಲ. ಚುನಾವಣಾ ಆಯೋಗ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಗುರುತು ಮಾಡಬೇಕು. 2016ರಲ್ಲಿ ಹರಿಯಾಣದಲ್ಲಿ ಬೇರೆ ಪೆನ್ನು ಬಳಸಿದರೆಂದು ಹನ್ನೆರಡು ಮತಗಳು ಅಸಿಂಧುವಾಗಿ ಫಲಿತಾಂಶವೇ ತಿರುಗಿಬಿದ್ದ ಮೇಲೆ ಈ ಬಿಗಿ ಹೆಚ್ಚಾಯಿತು. ಅಂಕಿಯನ್ನು ಅಂಕಿಯಲ್ಲೇ ಬರೆಯಬೇಕು. 1 ಎಂದರೂ ನಡೆಯುತ್ತದೆ, ಕನ್ನಡದ ೧ ಎಂದರೂ ನಡೆಯುತ್ತದೆ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಮತ ಕೆಟ್ಟಿತು. ಗುರುತು ಹಾಕಿದ ಮೇಲೆ, ಪೆಟ್ಟಿಗೆಗೆ ಹಾಕುವ ಮೊದಲು, ಮತಪತ್ರವನ್ನು ಅಲ್ಲೇ ಕೂತಿರುವ ತಮ್ಮ ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ತೋರಿಸದಿದ್ದರೆ ಮತ ಅಸಿಂಧು. ಬೇರೆ ಪಕ್ಷದವರಿಗೆ ತೋರಿಸಿದರೂ ಅಸಿಂಧು. ಪಕ್ಷೇತರರು ಮಾತ್ರ ಯಾರಿಗೂ ತೋರಿಸುವಂತಿಲ್ಲ.

ಈ ತೋರಿಸುವ ಪದ್ಧತಿ 2003ರಲ್ಲಿ ಬಂತು. ಅಲ್ಲಿಯವರೆಗೆ ರಾಜ್ಯಸಭೆಯ ಮತ ಗುಟ್ಟಿನದು. ಗುಟ್ಟಿನ ಮರೆಯಲ್ಲಿ ಮತಗಳು ಮಾರಾಟವಾಗುತ್ತವೆ, ದುಡ್ಡಿನ ಚೀಲವೇ ಸೀಟು ಕೊಳ್ಳುತ್ತದೆ ಎಂಬ ಆರೋಪ ಗಟ್ಟಿಯಾದಾಗ ಸಂಸತ್ತು ಜನಪ್ರತಿನಿಧಿ ಕಾಯ್ದೆಗೆ ಎರಡು ತಿದ್ದುಪಡಿ ತಂದಿತು. ಒಂದು, ಮತ ಬಹಿರಂಗವಾಗಿರಬೇಕು. ಎರಡು, ಅಭ್ಯರ್ಥಿ ಆ ರಾಜ್ಯದ ಮತದಾರನಾಗಿರಬೇಕಿಲ್ಲ, ದೇಶದ ಯಾವ ಮೂಲೆಯ ಮತದಾರನಾದರೂ ಸರಿ. ಮೇಲ್ಮನೆಯ ನಾಮಕರಣ ಸದಸ್ಯರಾಗಿದ್ದ ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಎರಡನ್ನೂ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2006ರ ಆಗಸ್ಟ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು: ಪಕ್ಷ ಹೇಳಿದವರನ್ನು ಬಿಟ್ಟು ಬೇರೆಯವರಿಗೆ ಮತ ಹಾಕಿದ ಮಾತ್ರಕ್ಕೆ ಶಾಸಕರು ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನ ಕಳೆದುಕೊಳ್ಳುವುದಿಲ್ಲ. ಪಕ್ಷ ಅಮಾನತು ಮಾಡಬಹುದು, ಉಚ್ಚಾಟಿಸಬಹುದು. ಸೀಟು ಕಿತ್ತುಕೊಳ್ಳಲು ಇಷ್ಟು ಸಾಲದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯವಸ್ಥೆಯ ಸೊಟ್ಟು ಕಾಣುತ್ತದೆ. ಶಾಸಕರ ಮತ ಪಕ್ಷಕ್ಕೆ ಗೊತ್ತಾಗಬೇಕು, ಆದರೆ ಪಕ್ಷ ಅವರನ್ನು ಶಾಸಕ ಸ್ಥಾನದಿಂದ ಇಳಿಸಲಾರದು. ಇಳಿಸಬಲ್ಲವನು ಮತದಾರ, ಅವನಿಗೆ ಗೊತ್ತಾಗಬೇಕಾದ ಅಗತ್ಯ ಕಾನೂನಿಗೆ ಕಂಡಿಲ್ಲ.

ಪಕ್ಷಗಳು ಈ ಕೊರತೆಯನ್ನು ತುಂಬಿಕೊಂಡಿರುವುದು ಕಾವಲಿನಿಂದ. 2017ರ ಜುಲೈ ಕೊನೆಯಲ್ಲಿ ಗುಜರಾತಿನ ನಲವತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರನ್ನು ತಂದು ಇಟ್ಟದ್ದು ಎಲ್ಲೋ ಅಲ್ಲ, ನಮ್ಮ ಬಿಡದಿಯ ಬಳಿಯ ರೆಸಾರ್ಟಿನಲ್ಲಿ, ಯಲಿಯೂರಿನಿಂದ ಬೆಂಗಳೂರಿಗೆ ಹೋಗುವ ರೈಲು ದಿನಾ ಹಾದುಹೋಗುವ ಊರಿನಲ್ಲಿ. ಅಹ್ಮದ್ ಪಟೇಲರ ರಾಜ್ಯಸಭಾ ಸೀಟಿಗಾಗಿ ಅಷ್ಟು ದೂರದ ವನವಾಸ. ಕೊನೆಗೆ ಅವರು ಗೆದ್ದದ್ದು, ಇಬ್ಬರು ಶಾಸಕರು ತಮ್ಮ ಪಕ್ಷದ ಏಜೆಂಟರಲ್ಲದವರಿಗೂ ಮತಪತ್ರ ತೋರಿಸಿದರೆಂದು ಆಯೋಗ ಮಧ್ಯರಾತ್ರಿಯಲ್ಲಿ ಆ ಎರಡು ಮತ ರದ್ದು ಮಾಡಿದ್ದರಿಂದ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆಳುವ ಪಕ್ಷವೂ ತನ್ನ ಶಾಸಕರನ್ನು ಹಿಂದಿನ ರಾತ್ರಿ ಬೆಂಗಳೂರಿನ ಹೊಟೇಲಿನಲ್ಲಿ ಕೂಡಿಹಾಕಿ, ಅಣಕು ಮತದಾನ ಮಾಡಿಸಿ, ಬೆಳಗ್ಗೆ ಬಸ್ಸಿನಲ್ಲಿ ವಿಧಾನಸೌಧಕ್ಕೆ ಕರೆತಂದಿತು. ಜನ ನಂಬಿ ಗೆಲ್ಲಿಸಿದವರನ್ನು ಪಕ್ಷ ಒಂದು ರಾತ್ರಿಯ ಮಟ್ಟಿಗೂ ನಂಬುವುದಿಲ್ಲ.

ಹಾಗಾದರೆ ಮತದಾರ ಈ ಮತಕ್ಕೆ ಲೆಕ್ಕ ಕೇಳಬಲ್ಲನೇ? ಇದಕ್ಕೆ ಮಂಡ್ಯ ಜಿಲ್ಲೆಯಷ್ಟು ಒಳ್ಳೆಯ ಉದಾಹರಣೆ ರಾಜ್ಯದಲ್ಲಿ ಸಿಗುವುದು ಕಷ್ಟ. 2013ರಲ್ಲಿ 40 ಸ್ಥಾನ ಗೆದ್ದಿದ್ದ ಜೆಡಿಎಸ್ 2016ರ ಜೂನ್‌ನಲ್ಲಿ ಬಿ.ಎಂ. ಫಾರೂಕ್ ಅವರನ್ನು ರಾಜ್ಯಸಭೆಗೆ ನಿಲ್ಲಿಸಿತು. ಬೇಕಾದದ್ದು ಇನ್ನು ಐದು ಮತ. ಸಿಗುವುದಿರಲಿ, ತನ್ನ ಎಂಟು ಶಾಸಕರೇ ಅಡ್ಡಮತ ಹಾಕಿದರು. ಫಾರೂಕ್ 33ಕ್ಕೆ ನಿಂತರು, ಕಾಂಗ್ರೆಸ್ಸಿನ ಮೂರನೇ ಅಭ್ಯರ್ಥಿ ಕೆ.ಸಿ. ರಾಮಮೂರ್ತಿ 52 ಮತ ಪಡೆದು ಗೆದ್ದರು. ಆ ಎಂಟರಲ್ಲಿ ಇಬ್ಬರು ಮಂಡ್ಯ ಜಿಲ್ಲೆಯವರು: ನಾಗಮಂಗಲದ ಎನ್. ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡ. ಪಕ್ಷ ಅಮಾನತು ಮಾಡಿತು, ಅನರ್ಹಗೊಳಿಸಿ ಎಂದು ಸಭಾಧ್ಯಕ್ಷರಿಗೆ ದೂರು ಕೊಟ್ಟಿತು. ದೂರು ಎಳೆಯುತ್ತಾ ಹೋಯಿತು. 2018ರ ಮಾರ್ಚ್ 23ರಂದು ಮತ್ತೊಂದು ರಾಜ್ಯಸಭಾ ಚುನಾವಣೆ ಬಂತು, ಬಂಡೆದ್ದವರು ಮತ್ತೆ ಕಾಂಗ್ರೆಸ್ಸಿಗೇ ಮತ ಹಾಕಿದರು, ಬೆನ್ನಿಗೇ ರಾಜೀನಾಮೆ ಕೊಟ್ಟು ಆ ಪಕ್ಷ ಸೇರಿದರು. ಎರಡು ತಿಂಗಳೊಳಗೆ ಜನರ ಮುಂದೆ ಹೋಗಬೇಕಾಯಿತು. ಇಬ್ಬರೂ ಸೋತರು. ನಾಗಮಂಗಲದಲ್ಲಿ ಕೆ. ಸುರೇಶ್‌ಗೌಡ, ಶ್ರೀರಂಗಪಟ್ಟಣದಲ್ಲಿ ರವೀಂದ್ರ ಶ್ರೀಕಂಠಯ್ಯ ಗೆದ್ದರು.

ಇದನ್ನು ತೋರಿಸಿ, ನೋಡಿ, ಅಡ್ಡಮತಕ್ಕೆ ಜನ ಶಿಕ್ಷೆ ಕೊಟ್ಟರು ಎಂದುಬಿಡುವುದು ಸುಲಭ. ನಾನು ಅಷ್ಟು ದೂರ ಹೋಗಲಾರೆ. ಆ ವರ್ಷ ಜಿಲ್ಲೆಯ ಏಳಕ್ಕೆ ಏಳು ಸ್ಥಾನಗಳನ್ನೂ ಜೆಡಿಎಸ್ ಗೆದ್ದಿತು. ಅಡ್ಡಮತ ಹಾಕದವರೂ ಅದೇ ಗಾಳಿಯಲ್ಲಿ ಸೋತರು. 2023ರಲ್ಲಿ ಗಾಳಿ ತಿರುಗಿತು, ಇಬ್ಬರೂ ಕಾಂಗ್ರೆಸ್ಸಿನಿಂದ ಗೆದ್ದರು, ಚಲುವರಾಯಸ್ವಾಮಿ ಕೃಷಿ ಸಚಿವರೂ ಆದರು. ಜನ ಮೊದಲ ಸಲ ಶಿಕ್ಷಿಸಿ ಎರಡನೇ ಸಲ ಕ್ಷಮಿಸಿದರೋ, ಎರಡು ಸಲವೂ ರಾಜ್ಯಸಭೆಯ ಮತ ಅವರ ಲೆಕ್ಕದಲ್ಲೇ ಇರಲಿಲ್ಲವೋ ಹೇಳುವುದು ಕಷ್ಟ. ಆದರೆ ಒಂದು ಸಂಗತಿ ಖಚಿತ. ಈ ಪ್ರಕರಣದಲ್ಲಿ ಯಾರು ಯಾರಿಗೆ ಮತ ಹಾಕಿದರು ಎಂಬುದು ಊರೂರಿಗೆ ಗೊತ್ತಿತ್ತು. ಪಕ್ಷ ಜಗಳ ತೆಗೆದಿದ್ದರಿಂದ, ಪತ್ರಿಕೆಗಳು ಹೆಸರು ಹಾಕಿ ಬರೆದಿದ್ದರಿಂದ ಗೊತ್ತಾಯಿತು. ಗೊತ್ತಾದದ್ದರಿಂದಲೇ ನಾಗಮಂಗಲದಲ್ಲೂ ಶ್ರೀರಂಗಪಟ್ಟಣದಲ್ಲೂ ಆ ಪ್ರಶ್ನೆ ಕೇಳಲು ಸಾಧ್ಯವಿತ್ತು, ಉತ್ತರಿಸಲೂ ಸಾಧ್ಯವಿತ್ತು. ಕ್ಷಮಿಸುವುದೂ ತೀರ್ಪೇ, ಆದರೆ ಅದಕ್ಕೆ ಮೊದಲು ಸಂಗತಿ ತಿಳಿದಿರಬೇಕು.

2024ರ ಫೆಬ್ರುವರಿ 27ರ ಚುನಾವಣೆಯನ್ನೂ ಇದೇ ಕಣ್ಣಿನಲ್ಲಿ ನೋಡಬಹುದು. ಒಟ್ಟು 222 ಮತ ಚಲಾವಣೆಯಾದವು. ಕಾಂಗ್ರೆಸ್ಸಿನ ಅಜಯ್ ಮಾಕನ್‌ಗೆ 47, ಸಯ್ಯದ್ ನಾಸೀರ್ ಹುಸೇನ್‌ಗೆ 47, ಜಿ.ಸಿ. ಚಂದ್ರಶೇಖರ್‌ಗೆ 45, ಬಿಜೆಪಿಯ ನಾರಾಯಣಸಾ ಭಾಂಡಗೆಗೆ 47. ಬಿಜೆಪಿ ಜೊತೆ ಕೈಜೋಡಿಸಿದ್ದ ಜೆಡಿಎಸ್‌ನ ಕುಪೇಂದ್ರ ರೆಡ್ಡಿಗೆ 36. ಕಾಂಗ್ರೆಸ್ಸಿನ 139 ಮತಗಳಲ್ಲಿ ಪಕ್ಷದ ಸ್ವಂತದ್ದು 134, ಮಿಕ್ಕ ಐದರಲ್ಲಿ ನಾಲ್ಕು ಪಕ್ಷೇತರರು ಮತ್ತು ಸಣ್ಣ ಪಕ್ಷದವರದ್ದು. ಮೇಲುಕೋಟೆಯ ದರ್ಶನ್ ಪುಟ್ಟಣ್ಣಯ್ಯ ಅವರಲ್ಲೊಬ್ಬರು. 2023ರಲ್ಲಿ ಅವರೆದುರು ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕಿರಲಿಲ್ಲವಾದ್ದರಿಂದ ಇದರಲ್ಲಿ ಅಚ್ಚರಿಯಿಲ್ಲ. ಐದನೆಯದು ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅವರದ್ದು. ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. ಪಕ್ಷ ಇಬ್ಬರನ್ನೂ ಉಚ್ಚಾಟಿಸಿದ್ದು 2025ರ ಮೇ ತಿಂಗಳಲ್ಲಿ. ಉಚ್ಚಾಟನೆಯಾದರೂ ಶಾಸಕ ಸ್ಥಾನ ಹೋಗಲಿಲ್ಲ.

ಇಷ್ಟೆಲ್ಲ ಗೋಜಲು ಏಕೆ, ಜನರಿಂದಲೇ ನೇರವಾಗಿ ಆರಿಸಿಬಿಡಿ ಎನ್ನುವವರು ಅಮೆರಿಕವನ್ನು ಕೈಮಾಡಿ ತೋರಿಸುತ್ತಾರೆ. ಅಲ್ಲಿಯೂ ಸೆನೆಟರುಗಳನ್ನು ಮೊದಲು ರಾಜ್ಯಗಳ ಶಾಸನಸಭೆಗಳೇ ಆರಿಸುತ್ತಿದ್ದವು. ಮಾಂಟಾನಾದ ತಾಮ್ರದ ಗಣಿಧಣಿ ವಿಲಿಯಂ ಕ್ಲಾರ್ಕ್ 1899ರಲ್ಲಿ ಶಾಸಕರಿಗೆ ಲಂಚ ಕೊಟ್ಟು ಸೆನೆಟರ್ ಆದರೆಂಬ ವಿಚಾರಣೆ ನಡೆದು, ಮರುವರ್ಷ ರಾಜೀನಾಮೆ ಕೊಡಬೇಕಾಯಿತು. ಇಂಥ ಪ್ರಕರಣಗಳಿಂದ ಬೇಸತ್ತ ದೇಶ 1913ರಲ್ಲಿ 17ನೇ ತಿದ್ದುಪಡಿ ತಂದು ನೇರ ಚುನಾವಣೆಗೆ ಹೊರಳಿತು. ನಮಗೂ ಅದೇ ದಾರಿ ಎನ್ನುವವರು ಕರ್ನಾಟಕದ ಲೆಕ್ಕ ಹಾಕಿ ನೋಡಬೇಕು. ಬೀದರಿನಿಂದ ಚಾಮರಾಜನಗರದವರೆಗೆ ಐದು ಕೋಟಿ ಮತದಾರರ ಮುಂದೆ ನಿಂತು ಗೆಲ್ಲುವ ಅಭ್ಯರ್ಥಿ ಎಂಥವನಾಗಿರಬೇಕು? ಒಂದು ವಿಧಾನಸಭಾ ಕ್ಷೇತ್ರದ ಖರ್ಚೇ ಬೆಚ್ಚಿಬೀಳಿಸುವಾಗ 224 ಕ್ಷೇತ್ರಗಳ ಖರ್ಚನ್ನು ಹೊರಬಲ್ಲವನು ದುಡ್ಡಿನ ಧಣಿ ಅಥವಾ ದೊಡ್ಡ ಪಕ್ಷದ ಆಳು ಮಾತ್ರ. ಇನ್ನು, ಜನ ನೇರವಾಗಿ ಆರಿಸಿದ ಎರಡನೇ ಸದನ ಲೋಕಸಭೆಯ ನಕಲಾಗುತ್ತದೆ. ಲೋಕಸಭೆಯಲ್ಲಿ ಬೀಸಿದ ಗಾಳಿ ಮೇಲ್ಮನೆಗೆ ತಡವಾಗಿ ತಲುಪಬೇಕೆಂಬುದೇ ಆರು ವರ್ಷದ ಅವಧಿಯ, ಸರದಿ ನಿವೃತ್ತಿಯ ಉದ್ದೇಶ. ಆ ತಡ ರೈತರಿಗೆ ಉಪಕಾರ ಮಾಡಿದ್ದುಂಟು. 2015ರಲ್ಲಿ ಭೂಸ್ವಾಧೀನ ಕಾಯ್ದೆಯನ್ನು ಸಡಿಲಿಸುವ ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಟ್ಟಿತ್ತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ಮಸೂದೆ ಜಂಟಿ ಸಮಿತಿಗೆ ಹೋಗಿ ಅಲ್ಲೇ ಉಳಿಯಿತು, ಸುಗ್ರೀವಾಜ್ಞೆಯೂ ಆಗಸ್ಟ್ ಕೊನೆಗೆ ಅವಧಿ ಮುಗಿದು ಸತ್ತಿತು. ಹೆದ್ದಾರಿಗೆ ಗದ್ದೆ ಬಿಟ್ಟುಕೊಟ್ಟ ಮದ್ದೂರು–ಮಂಡ್ಯ ಸೀಮೆಯವರಿಗೆ ಭೂಸ್ವಾಧೀನದ ಒಂದೊಂದು ಕಲಮಿನ ಬೆಲೆ ಗೊತ್ತು.

ಇನ್ನೊಂದು ಆಕ್ಷೇಪ ಹೊರಗಿನವರ ಬಗ್ಗೆ. ಎಂ. ವೆಂಕಯ್ಯ ನಾಯ್ಡು 1998ರಿಂದ 2016ರವರೆಗೆ ಮೂರು ಅವಧಿ ಕರ್ನಾಟಕದಿಂದಲೇ ಮೇಲ್ಮನೆಯಲ್ಲಿದ್ದರು. ದೆಹಲಿಯ ಅಜಯ್ ಮಾಕನ್ 2022ರಲ್ಲಿ ಹರಿಯಾಣದಲ್ಲಿ ಸೋತು 2024ರಲ್ಲಿ ನಮ್ಮ ಪ್ರತಿನಿಧಿಯಾದರು. ಕಾವೇರಿ ಕಂಡರಿಯದವರು ಕಾವೇರಿಯ ಪರ ಹೇಗೆ ಮಾತಾಡಿಯಾರು ಎಂಬ ಸಿಟ್ಟು ಅರ್ಥವಾಗುವಂಥದ್ದೇ, ಅದರಲ್ಲೂ ಕನ್ನಂಬಾಡಿ ಕಟ್ಟೆಯ ಅಡಿಗಳನ್ನು ದಿನಾ ಎಣಿಸುವ ಜಿಲ್ಲೆಯಲ್ಲಿ. ಆದರೆ ವಿಳಾಸ ನಮ್ಮದಾದ ಮಾತ್ರಕ್ಕೆ ಪ್ರತಿನಿಧಿ ನಮ್ಮವನಾಗುತ್ತಾನೆಯೇ? ಕರ್ನಾಟಕದವರೇ ಆದ ವಿಜಯ್ ಮಲ್ಯ 2002ರಲ್ಲಿ, ಅಂದರೆ ರಾಜ್ಯದ ಮತದಾರನಾಗಿರಲೇಬೇಕೆಂಬ ನಿಯಮವಿದ್ದ ಕಾಲದಲ್ಲೇ, ಪಕ್ಷೇತರರಾಗಿ ಗೆದ್ದರು. 2010ರಲ್ಲಿ ಮತ್ತೆ ಗೆದ್ದರು. 2016ರಲ್ಲಿ ದೇಶ ಬಿಟ್ಟು ಹೋದ ಮೇಲೆ ರಾಜೀನಾಮೆ ಕಳಿಸಿದರು. ಅತ್ತ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1996ರಲ್ಲೊಮ್ಮೆ, 2008ರಲ್ಲೊಮ್ಮೆ ಇದೇ ಬಾಗಿಲಿನಿಂದ ಹೋಗಿ, ಎರಡನೇ ಸಲ ವಿದೇಶಾಂಗ ಸಚಿವರಾದರು. ಪಕ್ಕದ ಹಾಸನದ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿ ಉಳಿಯಲು ಸಂಸತ್ತನ್ನು ಪ್ರವೇಶಿಸಿದ್ದೂ ರಾಜ್ಯಸಭೆಯ ಮೂಲಕ. ಬಾಗಿಲು ಒಂದೇ, ಯಾರನ್ನು ಒಳಗೆ ಬಿಡಬೇಕೆಂದು ಆರಿಸುವವರು ಶಾಸಕರು. ಪ್ರಶ್ನೆಯನ್ನು ಅವರಿಗೇ ಕೇಳಬೇಕು.

ಶಾಸಕರು ಜನರ ಗುಮಾಸ್ತರಲ್ಲ, ಸ್ವಂತ ವಿವೇಕ ಬಳಸಲು ಬಿಡಿ, ಮತವನ್ನು ಊರಿಗೆಲ್ಲ ಸಾರಿದರೆ ಅವರು ಪುಕ್ಕಲರಾಗುತ್ತಾರೆ ಎಂಬುದು ನನಗೆ ಎದುರಾಗುವ ಗಟ್ಟಿಯಾದ ವಾದ. ವಿವೇಕದ ಈ ಮಾತು ಗುಟ್ಟಿನ ಮತ ಇದ್ದ ಕಾಲಕ್ಕೆ ಸಲ್ಲುತ್ತಿತ್ತು. ಈಗ ಹಾಕಿದ ಅಂಕಿಯನ್ನು ಏಜೆಂಟರಿಗೆ ತೋರಿಸಲೇಬೇಕಾದವರ ವಿವೇಕ ಆಗಲೇ ಹೈಕಮಾಂಡಿಗೆ ಅಡವಾಗಿದೆ. ಪುಕ್ಕಲುತನ ಇದ್ದರೆ ಅದು ಪಕ್ಷದ ಎದುರು ಇದೆ. ಮತ ಊರಿಗೂ ಗೊತ್ತಾಗುವಂತಾದರೆ, ಪಕ್ಷದ ಮಾತು ಮೀರಿ ಒಳ್ಳೆಯ ಕಾರಣಕ್ಕೆ ಮತ ಹಾಕಿದ ಶಾಸಕರಿಗೆ ತಮ್ಮ ಕಾರಣವನ್ನು ಹೇಳಿಕೊಳ್ಳಲು ಒಂದು ಜಾಗವಾದರೂ ಸಿಗುತ್ತದೆ. ದುಡ್ಡು ತಿಂದು ಹಾಕಿದವರಿಗೆ ಹೇಳಲು ಕಾರಣವಿರುವುದಿಲ್ಲ.

ಮಾಡಬೇಕಾದದ್ದು ಚಿಕ್ಕ ಕೆಲಸ. ಚುನಾವಣೆ ಮುಗಿದ ಮೇಲೆ ಪಕ್ಷಗಳ ಶಾಸಕರು ಯಾರಿಗೆ ಯಾವ ಪ್ರಾಶಸ್ತ್ಯ ಕೊಟ್ಟರೆಂಬ ಪಟ್ಟಿಯನ್ನು ಫಲಿತಾಂಶದ ಜೊತೆಗೇ ಪ್ರಕಟಿಸುವುದು. ಪಕ್ಷೇತರರನ್ನು ಸೇರಿಸಬೇಕೋ ಬೇಡವೋ ಎಂಬುದನ್ನು ಚರ್ಚಿಸಬಹುದು. ನನ್ನ ಮಟ್ಟಿಗೆ ಅವರೂ ಇರಬೇಕು, ಅವರ ಬೆನ್ನಿಗೂ ಎರಡೂಕಾಲು ಲಕ್ಷ ಜನರಿದ್ದಾರೆ. ಇದಕ್ಕೆ ಸಂವಿಧಾನವನ್ನು ಮುಟ್ಟಬೇಕಿಲ್ಲ. ಏಜೆಂಟರಿಗೆ ತೋರಿಸಬೇಕೆಂಬ ವಿವರ ಇರುವುದು 1961ರ ಚುನಾವಣಾ ನಿಯಮಗಳಲ್ಲಿ, ಅವನ್ನು ಬದಲಿಸುವ ಅಧಿಕಾರ ಆಯೋಗದೊಡನೆ ಸಮಾಲೋಚಿಸಿ ಕೇಂದ್ರ ಸರ್ಕಾರಕ್ಕಿದೆ. ನಿಯಮ ಬದಲಾಗುವ ತನಕವೂ ಕಾಯಬೇಕಿಲ್ಲ. 2022ರಲ್ಲಿ ಗೆದ್ದ ನಾಲ್ವರ ಅವಧಿ 2028ರ ಜೂನ್ ಕೊನೆಗೆ ಮುಗಿಯುತ್ತದೆ. ಈಗಿನ ವಿಧಾನಸಭೆ ಪೂರ್ಣಾವಧಿ ನಡೆದರೆ ಅದೇ ವರ್ಷದ ಬೇಸಿಗೆಯಲ್ಲಿ ಹೊಸ ಶಾಸಕರು ಬರುತ್ತಾರೆ, ಪ್ರಮಾಣವಚನ ತೆಗೆದುಕೊಂಡ ಕೆಲವೇ ವಾರಗಳಲ್ಲಿ ಆ ನೇರಳೆ ಪೆನ್ನು ಹಿಡಿಯುತ್ತಾರೆ. ಹಾಗಾಗಿ ಆ ಸಲ ಮತ ಕೇಳಲು ಯಲಿಯೂರಿಗೆ ಬರುವ ಅಭ್ಯರ್ಥಿಗಳಿಗೆ ನಾಲೆ ನೀರು, ಕಬ್ಬಿನ ಬಾಕಿ, ರಸ್ತೆಯ ಜೊತೆಗೆ, ರಾಜ್ಯಸಭೆಗೆ ಎಂಥವರಿಗೆ ಮತ ಹಾಕುತ್ತೀರಿ, ಹಾಕಿದ ಮೇಲೆ ಬಂದು ಹೇಳುತ್ತೀರಾ ಎಂಬ ಪ್ರಶ್ನೆಯನ್ನೂ ಮುಂಗಡವಾಗಿಯೇ ಕೇಳಬಹುದು.